ಇಂಡಿಯಾ ಅಲಯನ್ಸ್ ಫೆಲೋಶಿಪ್: ಮಡಿಕೇರಿಯಿಂದ ಒಂದು ವಿಮರ್ಶೆ

ಸ್ವಂತ ಪ್ರಶ್ನೆಯೊಂದರ ಬೆನ್ನುಹತ್ತಲು ಬಯಸುವ ಯುವ ಜೀವವೈದ್ಯಕೀಯ ಸಂಶೋಧಕರಿಗೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹಾಗೂ ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಆರಂಭಿಸಿದ ಇಂಡಿಯಾ ಅಲಯನ್ಸ್‌ನ ಆರಂಭಿಕ ವೃತ್ತಿ ಫೆಲೋಶಿಪ್, ನಾನು ಗಮನಿಸಿದ ಅನುದಾನಗಳಲ್ಲಿ ಅತ್ಯಂತ ಉದಾರವಾದದ್ದು. ಸಂಬಳ, ಸಂಶೋಧನಾ ವೆಚ್ಚಗಳೆರಡನ್ನೂ 5 ವರ್ಷ ಭರಿಸುವುದೇ ಇದರ ನಿಜವಾದ ಬಲ. ದಕ್ಷಿಣ ಕೊಡಗಿನ ಎರವ ಬುಡಕಟ್ಟಿನವರ ಹಾಡಿಗಳಲ್ಲಿ (ವಸತಿಗಳಲ್ಲಿ) ಸಿಕಲ್ ಸೆಲ್ ರಕ್ತಹೀನತೆ ಎಂಬ ಆನುವಂಶಿಕ ರಕ್ತದ ಕಾಯಿಲೆಯನ್ನು ಅಧ್ಯಯನ ಮಾಡುವವರು ಮೊದಲು ಕುಟುಂಬಗಳ ವಿಶ್ವಾಸ ಗಳಿಸಿ, ಆಮೇಲೆ ಮಕ್ಕಳ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಬೇಕಾಗುವುದರಿಂದ, ಅಲ್ಪಾವಧಿಯ ಅನುದಾನ ಏನೇನೂ ಸಾಲದು. ಆದರೆ ಅರ್ಜಿಗೆ ಆತಿಥೇಯ ಸಂಸ್ಥೆಯ, ಅಂದರೆ ಸಂಶೋಧನೆ ನಡೆಯುವ ಸಂಸ್ಥೆಯ, ಬೆಂಬಲ ಕಡ್ಡಾಯ. ಹೊಸ ಜಿಲ್ಲಾ ಕಾಲೇಜುಗಳವರಿಗೆ (ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದೇ 2016ರಲ್ಲಿ) ಬೆಂಗಳೂರಿನ ಸುಸಜ್ಜಿತ ಪ್ರಯೋಗಾಲಯಗಳೊಡನೆ ಸ್ಪರ್ಧಿಸುವುದು ಕಷ್ಟ. ಇಂಥವರಿಗೆ ಪ್ರತ್ಯೇಕ ಅವಕಾಶ ಕಲ್ಪಿಸಬೇಕೆಂದು ಒತ್ತಾಯಿಸುತ್ತೇನೆ.