ಬ್ಯಾಂಕಾಕಿನಲ್ಲಿ ಸೂಟು ಹೊಲಿಸೋ ಯೋಚನೆ ಇದ್ದರೆ ಮೊದಲು ಇದನ್ನು ಓದಿ

ಮನೆಯಲ್ಲಿ ಮದುವೆ ಗೊತ್ತಾಗಿದೆ, ಅದಕ್ಕೂ ಮೊದಲು ಬ್ಯಾಂಕಾಕ್ ಟಿಕೆಟ್ ಬುಕ್ ಆಗಿದೆ, "ಹೇಗೂ ಹೋಗ್ತೀವಲ್ಲ, ಅಲ್ಲೇ ಸೂಟು ಹೊಲಿಸ್ಕೊಂಡು ಬರೋಣ" ಅಂತ ಲೆಕ್ಕ ಹಾಕಿದ್ದೀರಾ? ನಾವೂ ಹಾಗೇ ಅಂದುಕೊಂಡಿದ್ದೆವು. ನಾನು ಮತ್ತು ಅಪ್ಪ ಸೇರಿ ಎರಡು ಸೂಟಿಗೆ 14,000 ಬಾತ್ ಕೊಟ್ಟೆವು. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 35 ಸಾವಿರ ರೂಪಾಯಿ. ಎರಡರಲ್ಲಿ ಒಂದನ್ನೂ ಮದುವೆಗೆ ಹಾಕಿಕೊಳ್ಳಲು ಆಗಲಿಲ್ಲ.

ಅಪ್ಪ 31 ವರ್ಷ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಡ್ಯೂಟಿಯಲ್ಲಿ ಖಾಕಿ, ಮನೆಯಲ್ಲಿ ಪಂಚೆ. ತನಗೆ ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಕೇಳಿದ್ದು ನಾನು ಕಂಡಿರಲಿಲ್ಲ. ನನ್ನ ಆರತಕ್ಷತೆಗೆ ಕೋಟು ಹಾಕಿಕೊಳ್ಳಬೇಕು ಅಂತ ಅವರಾಗಿಯೇ ಹೇಳಿದಾಗ ಎಷ್ಟು ಖರ್ಚಾದರೂ ಹೊಲಿಸಿಕೊಡಬೇಕು ಅನ್ನಿಸಿತ್ತು. ಇದು ಹೀಗಾಯಿತಲ್ಲ ಅನ್ನೋ ಸಂಕಟ ಇನ್ನೂ ಹೋಗಿಲ್ಲ.

ಶುರುವಾಗಿದ್ದು ಅಂಗಡಿಯಲ್ಲಿ ಅಲ್ಲ, ಗ್ರ್ಯಾಂಡ್ ಪ್ಯಾಲೇಸಿನ ಬಿಳಿ ಗೋಡೆಯ ಪಕ್ಕದ ಫುಟ್‌ಪಾತಿನಲ್ಲಿ. ಬೆಳಿಗ್ಗೆ ಹತ್ತೂವರೆ ಇರಬಹುದು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ ಒಬ್ಬ ಮನುಷ್ಯ ಬಂದು, ಅರಮನೆ ಈಗ ಮುಚ್ಚಿದೆ, ಭಿಕ್ಷುಗಳ ಪೂಜೆ ನಡೀತಿದೆ, ಮಧ್ಯಾಹ್ನ ಒಂದರ ಮೇಲೆ ಬಿಡ್ತಾರೆ ಅಂದ. ಅಲ್ಲಿಯವರೆಗೆ ಒಳ್ಳೆಯ ಬುದ್ಧನ ಗುಡಿ ನೋಡಿಕೊಂಡು ಬನ್ನಿ ಎಂದು ಟುಕ್‌ಟುಕ್ ಕೂಗಿದ. ಬರೀ 20 ಬಾತ್. ಅಷ್ಟು ಕಡಿಮೆಗೆ ಒಬ್ಬ ಡ್ರೈವರ್ ಎರಡು ಗಂಟೆ ಏಕೆ ಸುತ್ತಿಸುತ್ತಾನೆ ಎಂದು ನಾವು ಕೇಳಿಕೊಳ್ಳಲಿಲ್ಲ. ಗುಡಿಯಲ್ಲಿ ಕೂತಿದ್ದ ಇನ್ನೊಬ್ಬ ಮಾತಿಗೆ ಸಿಕ್ಕಿ, ತನ್ನ ಮದುವೆ ಸೂಟನ್ನು ಹೊಲಿಸಿದ್ದು ಇಂಥ ಅಂಗಡಿಯಲ್ಲಿ, ಅಲ್ಲಿ ಎಕ್ಸ್‌ಪೋರ್ಟ್ ಬೆಲೆಗೆ ಕೊಡೋದು ಇವತ್ತೇ ಕೊನೆ ದಿನ ಅಂದ. ಟುಕ್‌ಟುಕ್ ನೇರ ಹೋಗಿ ನಿಂತದ್ದು ಆ ಅಂಗಡಿ ಬಾಗಿಲಿಗೇ.

ಆಮೇಲೆ ತಿಳಿಯಿತು, ಇದು ಅಲ್ಲಿ ವರ್ಷಗಳಿಂದ ನಡೆದುಬಂದ ಆಟ. ಗಿರಾಕಿಯನ್ನು ಕರೆತಂದರೆ ಡ್ರೈವರಿಗೆ ಅಂಗಡಿಯವರು ಪೆಟ್ರೋಲ್ ಕೂಪನ್ನೋ ಕಮಿಷನ್ನೋ ಕೊಡುತ್ತಾರೆ. ಅದು ಬರುವುದು ನಮ್ಮ ಬಟ್ಟೆಯ ಬೆಲೆಯಿಂದಲೇ. ಒಂದು ಕಡೆ ಹರಳಿನ ಅಂಗಡಿ, ಇನ್ನೊಂದು ಕಡೆ ಸೂಟಿನ ಅಂಗಡಿ. ಅಸಲಿಗೆ ಅರಮನೆ ಸಾಮಾನ್ಯವಾಗಿ ದಿನಾ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ತೆರೆದೇ ಇರುತ್ತದೆ. ಮುಚ್ಚಿದೆ ಎಂದು ಯಾರೇ ಹೇಳಲಿ, ಗೇಟಿನವರೆಗೆ ನಡೆದು ಹೋಗಿ ಟಿಕೆಟ್ ಕೌಂಟರಿನಲ್ಲೇ ಕೇಳಿ.

ಅಂಗಡಿಯವರು ನಮ್ಮನ್ನು ನೋಡಿದ ಕೂಡಲೇ ಹಿಂದಿಯಲ್ಲಿ ಮಾತಾಡಿಸಿದರು. ಬ್ಯಾಂಕಾಕಿನಲ್ಲಿ ಸೂಟು ಹೊಲಿಸಿಕೊಡೋ ಅಂಗಡಿಗಳಲ್ಲಿ ಭಾರತ, ನೇಪಾಳ ಮೂಲದವರು ಬಹಳ ಜನ ಇದ್ದಾರೆ. "ಆಯಿಯೇ ಅಂಕಲ್‌ಜೀ" ಅಂತ ಕೂರಿಸಿ, ತಣ್ಣನೆಯ ನೀರು ಕೊಟ್ಟು, ಅಪ್ಪನ ಕೆಲಸ, ನನ್ನ ಮದುವೆ ತಾರೀಖು ಎಲ್ಲ ವಿಚಾರಿಸಿದರು. ಪರದೇಶದಲ್ಲಿ ನಮ್ಮವರು ಸಿಕ್ಕರು ಅಂತ ಅಪ್ಪನಿಗೆ ಹಿಗ್ಗು. ಮಾತಿನ ಮಧ್ಯೆ ಅಂಗಡಿಯಾತ ಎರಡು ಸಲ ಕೇಳಿದ ಪ್ರಶ್ನೆ ಒಂದೇ: "ವಾಪಸ್ ಫ್ಲೈಟ್ ಯಾವಾಗ?" ಭಾನುವಾರ ಬೆಳಗಿನ ಜಾವ ಅಂದೆವು. ಆವತ್ತು ಗುರುವಾರ.

ಥಾನು ಬಿಚ್ಚಿ ಅಂಚಿನಲ್ಲಿ ನೇಯ್ದಿದ್ದ "ಸೂಪರ್ 150" ಅನ್ನೋ ಅಕ್ಷರ ತೋರಿಸಿದ, ಪ್ಯೂರ್ ವುಲ್ ಅಂದ. ಸೂಪರ್ ಸಂಖ್ಯೆ ಹೇಳುವುದು ಉಣ್ಣೆಯ ಎಳೆ ಎಷ್ಟು ನಯ ಅನ್ನುವುದನ್ನು. ಸಂಖ್ಯೆ ಏರಿದಷ್ಟೂ ಎಳೆ ಸಣ್ಣ, ಬಟ್ಟೆ ನಾಜೂಕು, ಬೆಲೆಯೂ ಜಾಸ್ತಿ. ಆದರೆ ಅಂಚಿನ ಮೇಲೆ ಏನು ಬೇಕಾದರೂ ನೇಯಬಹುದು. ತೋರಿಸಿದ ಥಾನಿನಿಂದಲೇ ಕತ್ತರಿಸುತ್ತಾರೆ ಅನ್ನೋ ಖಾತ್ರಿಯೂ ಇಲ್ಲ. ಅಳತೆ ತೆಗೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅಂಗಡಿಯಲ್ಲಿ ಒಂದು ಹೊಲಿಗೆ ಮೆಷಿನ್ನೂ ಕಾಣಲಿಲ್ಲ. ಅಳತೆ ತೆಗೆದವನು ಬೇರೆ, ಕತ್ತರಿಸುವವನು ಬೇರೆ, ಹೊಲಿಯುವವನು ಊರಿನ ಯಾವ ಮೂಲೆಯಲ್ಲೋ. ಅವರು ಯಾರೂ ನಮ್ಮ ಮೈ ನೋಡಿದವರಲ್ಲ. 5,000 ಬಾತ್ ನಗದು ಅಡ್ವಾನ್ಸ್ ಕೊಟ್ಟೆವು.

ಶುಕ್ರವಾರ ಸಂಜೆ ಟ್ರಯಲ್‌ಗೆ ಹೋದಾಗ ಕೋಟು ಪೂರ್ತಿ ಹೊಲಿದು ಮುಗಿದಿತ್ತು. ಲೈನಿಂಗ್, ಜೇಬು, ಕಾಜಾ, ಗುಂಡಿ ಎಲ್ಲ ಆಗಿತ್ತು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಸರಿಯಾದ ಮೊದಲ ಟ್ರಯಲ್‌ನಲ್ಲಿ ಕೋಟು ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ಇರಬೇಕು. ಆಗ ಭುಜ, ಕಂಕುಳು, ಬೆನ್ನು ನೋಡಿ, ದಾರ ಕಿತ್ತು, ಸೀಮೆಸುಣ್ಣದಲ್ಲಿ ಗುರುತು ಹಾಕಿ ಮತ್ತೆ ಕೂಡಿಸುತ್ತಾರೆ. ಪೂರ್ತಿ ಹೊಲಿದ ಮೇಲೆ ತೋಳಿನ ಉದ್ದವನ್ನೋ ಸೊಂಟವನ್ನೋ ಸರಿಮಾಡಬಹುದು. ಭುಜ ಮುಟ್ಟಬೇಕೆಂದರೆ ಕೋಟನ್ನೇ ಬಿಚ್ಚಬೇಕು. ಅಪ್ಪನ ಬಲಗಡೆ ಕಾಲರ್ ಕುತ್ತಿಗೆ ಬಿಟ್ಟು ಎದ್ದು ನಿಂತಿತ್ತು. "ನಾಳೆ ಸರಿಹೋಗುತ್ತೆ" ಅಂದರು. ಬಾಕಿ ಹಣ ಕಾರ್ಡಿನಲ್ಲಿ ತೆಗೆದುಕೊಂಡರು. ಶನಿವಾರ ರಾತ್ರಿ ಹನ್ನೊಂದಕ್ಕೆ ಹೋಟೆಲಿಗೆ ಒಬ್ಬ ಹುಡುಗ ಕವರ್ ಹಾಕಿ ಜಿಪ್ ಎಳೆದ ಎರಡು ಸೂಟು ಕೊಟ್ಟು ಹೋದ. ನಾವು ಎರಡು ಗಂಟೆಗೆ ಏರ್‌ಪೋರ್ಟಿಗೆ ಹೊರಡಬೇಕಿತ್ತು, ಹಾಕಿ ನೋಡಲಿಲ್ಲ.

ಹಾಸನಕ್ಕೆ ಬಂದು ಕನ್ನಡಿ ಮುಂದೆ ಹಾಕಿಕೊಂಡರೆ ಬಲಗಡೆ ಕಾಲರ್ ಹಾಗೇ ಎದ್ದಿತ್ತು, ಬೆನ್ನಿನಲ್ಲಿ ಓರೆಯಾಗಿ ನೆರಿಗೆ. ನನ್ನದು ಹಾಕಿದಾಗ ಪರವಾಗಿಲ್ಲ ಅನ್ನಿಸಿತು. ಒಂದೇ ಸಲ ಡ್ರೈಕ್ಲೀನ್ ಮಾಡಿಸಿದ್ದಕ್ಕೆ ಎದೆಯ ಮೇಲೆ ಹಪ್ಪಳದ ಹಾಗೆ ಗುಳ್ಳೆ ಎದ್ದವು.

ಅಪ್ಪನಿಗೆ ಖಾಕಿ ಹೊಲಿದುಕೊಡುತ್ತಿದ್ದ ದರ್ಜಿಯ ಹತ್ತಿರ ಎರಡನ್ನೂ ತೆಗೆದುಕೊಂಡು ಹೋದೆವು. ಅವರು ಅಪ್ಪನನ್ನು ನಿಲ್ಲಿಸಿ ಹಿಂದಿನಿಂದ ಒಂದು ಕ್ಷಣ ನೋಡಿದರು, ಅಷ್ಟೇ. "ಕಂಡಕ್ಟ್ರೇ, ನಿಮ್ಮ ಬಲಭುಜ ಅರ್ಧ ಇಂಚು ಇಳಿದಿದೆ. ಬ್ಯಾಗು ಹೊತ್ತ ಭುಜ ಅಲ್ವಾ? ನಾನು ಆ ಕಡೆ ಯಾವಾಗಲೂ ಕಮ್ಮಿ ಮಾಡೇ ಕತ್ತರಿಸ್ತಿದ್ದೆ. ಇವರು ಎರಡೂ ಕಡೆ ಒಂದೇ ಇಟ್ಟಿದಾರೆ." ಅಷ್ಟು ವರ್ಷ ಹಾಕಿದ ಶರ್ಟಿನಲ್ಲಿ ಆ ಅರ್ಧ ಇಂಚು ಇತ್ತು ಅನ್ನುವುದು ಅಪ್ಪನಿಗೂ ಗೊತ್ತಿರಲಿಲ್ಲ.

ಆಮೇಲೆ ಬ್ಲೇಡು ತೆಗೆದುಕೊಂಡು ನನ್ನ ಕೋಟಿನ ಲೈನಿಂಗ್ ಕೆಳಗಡೆ ನಾಲ್ಕು ಬೆರಳಿನಷ್ಟು ಬಿಚ್ಚಿದರು. ಒಳಗೆ ಕ್ಯಾನ್ವಾಸ್, ಅಂದರೆ ಕೋಟಿನ ಎದೆ ಆಕಾರ ಹಿಡಿದು ನಿಲ್ಲಲು ಸೇರಿಸಿ ಹೊಲಿಯುವ ಗಡುಸು ಬಟ್ಟೆ, ಇರಲಿಲ್ಲ. ಗೋಂದಿನ ಪೇಸ್ಟಿಂಗ್ ಬಟ್ಟೆಯನ್ನು ಇಸ್ತ್ರಿ ಶಾಖದಲ್ಲಿ ಅಂಟಿಸಿದ್ದರು, ಉಗುರಲ್ಲಿ ಎಳೆದರೆ ಸಿಪ್ಪೆಯ ಹಾಗೆ ಬಂತು. ಒಳ್ಳೆಯ ಪೇಸ್ಟಿಂಗ್ ಆದರೆ ವರ್ಷಗಟ್ಟಲೆ ಬರುತ್ತೆ, ಇದು ಅವಸರದ ಕೆಲಸ ಅಂದರು. ಹೊಲಿಗೆ ಅಂಚಿನಲ್ಲಿ ಬಟ್ಟೆಯನ್ನೂ ಬಿಟ್ಟಿರಲಿಲ್ಲ, ಹಾಗಾಗಿ ಬಿಚ್ಚಿ ದೊಡ್ಡದು ಮಾಡುವಂತೆಯೂ ಇಲ್ಲ. ಕೊನೆಗೆ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಸಾಸಿವೆ ಕಾಳಿನ ಹಾಗೆ ಗಟ್ಟಿ ಕರಿ ಗುಂಡಾಯಿತು. ಅದನ್ನು ನನ್ನ ಅಂಗೈಯಲ್ಲಿ ಇಟ್ಟು, "ಪಾಲಿಯೆಸ್ಟರ್ ಸಾರ್" ಅಂದರು.

ಅಂಗಡಿಗೆ ಫೋಟೋ ಸಮೇತ ಮೇಲ್ ಮಾಡಿದೆ. ನಿಮ್ಮ ಖರ್ಚಿನಲ್ಲಿ ಕೊರಿಯರ್ ಮಾಡಿ, ಸರಿಮಾಡಿ ಕಳಿಸ್ತೀವಿ ಎಂದು ಉತ್ತರ ಬಂತು. ಮದುವೆಗೆ ಉಳಿದಿದ್ದು ಒಂಬತ್ತು ದಿನ. ಬ್ಯಾಂಕಿಗೆ ದೂರು ಕೊಟ್ಟರೆ, ಉಣ್ಣೆ ಅಂತ ಹೇಳಿದ್ದಕ್ಕೆ ದಾಖಲೆ ಏನಿದೆ ಅಂದರು. ಬಿಲ್ಲಿನಲ್ಲಿ "ಸೂಟು 2" ಅಂತ ಬಿಟ್ಟರೆ ಒಂದಕ್ಷರ ಇರಲಿಲ್ಲ. ಫ್ಲೈಟ್ ಯಾವಾಗ ಅಂತ ಎರಡೆರಡು ಸಲ ಕೇಳಿದ್ದು ಏಕೆ ಅನ್ನುವುದು ನನಗೆ ಆಗ ಅರ್ಥವಾಯಿತು. ವಾಪಸ್ ಬರಲಾರದ ಗಿರಾಕಿಯ ಅರ್ಧ ಇಂಚನ್ನು ಯಾರೂ ನೋಡುವುದಿಲ್ಲ.

ಬ್ಯಾಂಕಾಕಿನಲ್ಲಿ ಚೆನ್ನಾಗಿ ಹೊಲಿಯುವವರೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಅದು ಅನ್ಯಾಯವಾಗುತ್ತದೆ. ಆದರೆ ಒಳ್ಳೆಯವರು 24 ಗಂಟೆಯಲ್ಲಿ ಕೊಡುತ್ತೇವೆ ಅನ್ನುವುದಿಲ್ಲ. ವಾರಕ್ಕಿಂತ ಕಡಿಮೆ ಇರುವುದಾದರೆ ಹೊಲಿಸುವ ಯೋಚನೆ ಬಿಟ್ಟುಬಿಡಿ. ಇರುತ್ತೀರಿ ಎಂದಾದರೆ ಮೊದಲ ದಿನವೇ ಹೋಗಿ, ಕಚ್ಚಾ ಹೊಲಿಗೆಯ ಟ್ರಯಲ್ ಕೊಡುತ್ತೀರಾ ಎಂದು ಕೇಳಿ, ತಡವರಿಸಿದರೆ ಎದ್ದು ಬನ್ನಿ. ಒಪ್ಪಿದ ಬಟ್ಟೆಯದೇ ಒಂದು ತುಂಡು ಕತ್ತರಿಸಿ ಕೊಡಲು ಹೇಳಿ, ಸುಟ್ಟು ನೋಡಲೂ ಬರುತ್ತೆ, ಕೊನೆಗೆ ಹೋಲಿಸಲೂ ಬರುತ್ತೆ. ಬಟ್ಟೆ ಯಾವುದು, ಒಳಗೆ ಕ್ಯಾನ್ವಾಸೋ ಪೇಸ್ಟಿಂಗೋ, ಎಷ್ಟು ಟ್ರಯಲ್ ಎಲ್ಲವನ್ನೂ ಬಿಲ್ಲಿನಲ್ಲೇ ಬರೆಸಿ. ಹಾಕಿ ನೋಡುವವರೆಗೆ ಬಾಕಿ ಕೊಡಬೇಡಿ, ಹೋಟೆಲಿಗೆ ತಂದುಕೊಡುತ್ತೇವೆ ಅಂದರೆ ಬೇಡವೇ ಬೇಡ. ಅಲ್ಲಿರುವಾಗಲೇ ಜಗಳವಾದರೆ ಟೂರಿಸ್ಟ್ ಪೊಲೀಸರ ನಂಬರ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಮಗೆ ಆ ನಂಬರ್ ಗೊತ್ತಾದದ್ದು ಊರಿಗೆ ಬಂದ ಮೇಲೆ.

ಆರತಕ್ಷತೆಗೆ ಅಪ್ಪ ರೇಷ್ಮೆ ಪಂಚೆ, ಬಿಳಿ ಶರ್ಟು ಹಾಕಿಕೊಂಡರು. "ಬಿಡು ಮಗಾ, ಇದೇ ನಂಗೆ ಒಗ್ಗೋದು" ಅಂದರು. ಫೋಟೋ ತೆಗೆಯುವಾಗ ಬೀಗರ ಕೋಟಿನ ಕಡೆ ಒಂದು ಸಲ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

ಈಗ ತಂಗಿಯ ಮದುವೆ ಗೊತ್ತಾಗಿದೆ. ಹೋದ ವಾರ ಅಪ್ಪನನ್ನು ಅದೇ ದರ್ಜಿಯ ಹತ್ತಿರ ಕರೆದುಕೊಂಡು ಹೋಗಿ ನೀಲಿ ಬಣ್ಣದ ಉಣ್ಣೆ ಬಟ್ಟೆ ಕೊಟ್ಟು ಬಂದಿದ್ದೇನೆ. ಇಪ್ಪತ್ತೈದು ದಿನ ಬೇಕು ಅಂದಿದ್ದಾರೆ. ಮೊದಲ ಟ್ರಯಲ್ ಶನಿವಾರ.