ಹಳೆಯ ಕ್ರಾಲರ್ ಕೊಳ್ಳುವವರೇ, ಹಣ ಕೊಡುವ ಮೊದಲು ಚಕ್ರ ಬಿಚ್ಚಿಸಿ

“ನೀರು ಕಂಡಿಲ್ಲ, ಮಣ್ಣು ಕಂಡಿಲ್ಲ, ಷೋಕೇಸಿನಲ್ಲೇ ಇದ್ದ ಗಾಡಿ ಅಣ್ಣಾ.” ಈ ಒಂದು ಮಾತಿಗೆ ನಾನು ತೆತ್ತ ಬೆಲೆ 46,000 ರೂಪಾಯಿ. ಮನೆಗೆ ಬಂದದ್ದು ಉಪ್ಪುನೀರಿನಲ್ಲಿ ಮುಳುಗೆದ್ದ ಗಾಡಿ. ಮಳೆನೀರಲ್ಲ, ತೋಡಿನ ನೀರೂ ಅಲ್ಲ, ಸಮುದ್ರದ ಉಪ್ಪುನೀರು! ಉಡುಪಿ, ಮಂಗಳೂರು ಕಡೆ ಸೆಕೆಂಡ್ ಹ್ಯಾಂಡ್ ಆರ್‌ಸಿ ಟ್ರಕ್, ಅಂದರೆ ಕಲ್ಲುಬಂಡೆ ಹತ್ತಿಸಲು ರಿಮೋಟಿನಲ್ಲಿ ಓಡಿಸುವ ಕ್ರಾಲರ್ ಎಂಬ ಪುಟ್ಟ ಗಾಡಿ, ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರಿದ ಆಸಾಮಿಯ ಹೆಸರು ಹಾಕುತ್ತಿಲ್ಲ. ಹಾಕಿದರೆ ನನ್ನ ಮೇಲೆಯೇ ದೂರು ಕೊಡುತ್ತೇನೆಂದು ಬೆದರಿಸಿದ್ದಾನೆ. ಆದರೆ ನಡೆದದ್ದನ್ನು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹೊಸದನ್ನೇ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿಗೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ. ನಮ್ಮ ಗಾಡಿಗಳು ಆಮದಿನ ಲೆಕ್ಕದಲ್ಲಿ ಆಟಿಕೆಗಳು. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಅಂಗಡಿಯವರ ಲಾಭ. ಸಂಬಳದಲ್ಲಿ ಬದುಕುವವನು ಟ್ರ್ಯಾಕ್ಸಾಸ್ ಕಂಪನಿಯ ಟಿಆರ್‌ಎಕ್ಸ್-4 ಕ್ರಾಲರನ್ನು ಹೊಸದಾಗಿ ತರಿಸಿದರೆ ಮನೆಯಲ್ಲಿ ಊಟ ಹಾಕುವುದಿಲ್ಲ. ಹಾಗಾಗಿ ನಾವೆಲ್ಲ ಒಬ್ಬರ ಗಾಡಿಯನ್ನು ಇನ್ನೊಬ್ಬರು ಕೊಂಡು, ಬಿಚ್ಚಿ, ತೊಳೆದು, ಬಾಡಿ ಬದಲಿಸಿ ಓಡಿಸುವವರು. ಇದು ನಂಬಿಕೆಯ ಮೇಲೆ ನಡೆಯುವ ವ್ಯವಹಾರ. ಅದಕ್ಕೇ ಹೊಟ್ಟೆ ಇಷ್ಟು ಉರಿಯುತ್ತಿರುವುದು.

ನನಗೆ ಬೇಕಾಗಿದ್ದದ್ದು ಗಾಡಿಯ ಕೆಳಭಾಗ ಮಾತ್ರ. ಮಲ್ಪೆಯಿಂದ ಮೀನು ತುಂಬಿಕೊಂಡು ಹೊರಡುವ ಪಿಕಪ್ಪಿನ 1:10 ಅಳತೆಯ ಬಾಡಿಯನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಅಂಟಿಸುತ್ತಿದ್ದೇನೆ. ಹಿಂದಿನ ಡಾಲಾ, ಅದರ ಕೊಂಡಿಗಳು, ಮೀನಿನ ಕ್ರೇಟುಗಳು ಎಲ್ಲ ಸಿದ್ಧವಾಗಿವೆ. ಕ್ರೇಟಿನ ಜಾಲರಿಯ ತೂತುಗಳನ್ನು ಒಂದೊಂದಾಗಿ ಕೊರೆದು ಕಣ್ಣು ಹೋಗಿದೆ. ಇದರ ಕೆಳಗೆ ಕೂರಿಸಲು ಒಳ್ಳೆಯ ಷಾಸಿ, ನೆಲದಿಂದ ಎತ್ತರ ಕೊಡುವ ಪೋರ್ಟಲ್ ಆಕ್ಸಲ್, ಎರಡು ಗೇರ್, ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫ್ ಲಾಕ್ ಇರುವ ಗಾಡಿ ಬೇಕಿತ್ತು. ಟಿಆರ್‌ಎಕ್ಸ್-4ರಲ್ಲಿ ಇವೆಲ್ಲ ಕಂಪನಿಯಿಂದಲೇ ಬರುತ್ತವೆ. 2017ರಲ್ಲಿ ಅದು ಬಂದಾಗ ಎಲ್ಲರೂ ಬಾಯಿ ಬಿಟ್ಟು ನೋಡಿದ್ದು ಇದಕ್ಕೇ.

ಆಸಾಮಿ ಫೋನಿನಲ್ಲಿ ಜೇನು. ಮೊದಲು ಕನ್ನಡದಲ್ಲಿ ಶುರುಮಾಡಿದವನು ನನ್ನ ಊರು ಕೇಳಿದ ಕೂಡಲೇ ತುಳುವಿಗೆ ಹೊರಳಿದ. ನಮ್ಮವರೇ, ಹೊರಗಿನವರಿಗೆ ಕೊಡಲು ಮನಸ್ಸಿಲ್ಲ, ನಿಮ್ಮಂಥ ಕೈಕೆಲಸ ಗೊತ್ತಿರುವವರಿಗೆ ಹೋದರೆ ನನಗೂ ಸಮಾಧಾನ ಎಂದೆಲ್ಲ ಹೇಳಿದ. ನನ್ನ ಕ್ರೇಟುಗಳ ಫೋಟೋ ನೋಡಿ “ಅಯ್ಯೋ, ಏನು ಕೆಲಸ ಮಾರಾಯರೇ!” ಎಂದು ಬರೆದ. 58,000 ಹೇಳಿದ್ದ. ಇಳಿದು ಇಳಿದು 46,000ಕ್ಕೆ ನಿಂತ. ಜತೆಗೆ 3ಎಸ್ ಲಿಪೊ, ಅಂದರೆ ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಉಚಿತ, “ಎರಡೇ ಸಲ ಚಾರ್ಜ್ ಆದದ್ದು.” ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರಿಗೆ 25 ಕೆಜಿ ಬಲದ ಮೆಟಲ್ ಗೇರ್ ಸರ್ವೋ ಎಂದೂ ಹೇಳಿದ. ಆ ಸರ್ವೋದ ಸ್ಟಿಕರ್ ಮಾತ್ರ 25 ಕೆಜಿಯದು, ಒಳಗಿನ ಗೇರು ಪ್ಲಾಸ್ಟಿಕ್ಕು. ಅದನ್ನು ಬಿಡಿ, ಉಳಿದದ್ದರ ಮುಂದೆ ಅದು ಏನೂ ಅಲ್ಲ.

ಮಣಿಪಾಲದಲ್ಲಿ ಎಂಡ್ ಪಾಯಿಂಟಿಗೆ ಹೋಗುವ ರಸ್ತೆಯ ಬದಿಯಲ್ಲಿ ಸಂಜೆ ಭೇಟಿಯಾದೆವು. ಗಾಡಿ ತಳತಳ ಹೊಳೆಯುತ್ತಿತ್ತು. ತನ್ನ ಬ್ಯಾಗಿನಿಂದ ನೀಲಿ ಕವಚದ ಬ್ಯಾಟರಿ ತೆಗೆದು ಹಾಕಿದ, ಕಲ್ಲಿನ ಮೆಟ್ಟಿಲು ಹತ್ತಿಸಿದ, ಇಳಿಸಿದ. ಮುಂದಿನ ಡಿಫ್ ಲಾಕ್ ಹಾಕಿ ತೋರಿಸಿದ. ಹಿಂದಿನದನ್ನು ಕೇಳಿದಾಗ “ಎರಡೂ ಒಂದೇ ಅಣ್ಣಾ” ಎಂದ. ಪಕ್ಕದಲ್ಲಿ ಬೈಕುಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಯಾವ ಶಬ್ದವೂ ಸರಿಯಾಗಿ ಕೇಳುತ್ತಿರಲಿಲ್ಲ. ಆ ಜಾಗವನ್ನು ಆರಿಸಿದ್ದು ಯಾರು? ಆತನೇ. ಹಣ ಯುಪಿಐನಲ್ಲಿ ಹೋಯಿತು. ಆತನೇ ಎಲ್ಲವನ್ನೂ ನೀಟಾಗಿ ಪೆಟ್ಟಿಗೆಗೆ ತುಂಬಿ, ಟೇಪು ಸುತ್ತಿ, ಕಾರಿನ ತನಕ ತಂದು ಇಟ್ಟ. ಎಂಥ ವಿನಯ!

ಸ್ಥಳದಲ್ಲೇ ಬಿಚ್ಚಿ ನೋಡಬೇಕಿತ್ತು ಎಂದು ಬುದ್ಧಿ ಹೇಳಲು ಬರುವವರು ಸ್ವಲ್ಪ ತಡೆಯಿರಿ. ರಸ್ತೆ ಬದಿಯಲ್ಲಿ ಆಕ್ಸಲ್ ಬಿಚ್ಚಿ ಕೂರುವವರು ಯಾರಿದ್ದಾರೆ? ನಮ್ಮಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ಓಡಿಸಿ ನೋಡುತ್ತೇವೆ, ಮಾತನಾಡುತ್ತೇವೆ, ಚಹಾ ಕುಡಿಯುತ್ತೇವೆ, ತರುತ್ತೇವೆ. ಅಷ್ಟೇ.

ಮನೆಯಲ್ಲಿ, ರಾತ್ರಿ, ಫ್ಯಾನ್ ಆರಿಸಿ ಗಾಡಿಯನ್ನು ಮೇಜಿನ ಮೇಲೆ ಎತ್ತಿ ಹಿಡಿದು ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ಕರ್ ಕರ್ ಕರ್. ಇನ್ನೊಂದು ಚಕ್ರ, ಮತ್ತೆ ಕರ್ ಕರ್. ನಾಲ್ಕನೆಯದು ತಿರುಗಿ ಅರ್ಧದಲ್ಲಿ ನಿಂತೇಬಿಟ್ಟಿತು. ಸರಿ, ಗ್ರೀಸ್ ಒಣಗಿರಬಹುದು ಎಂದುಕೊಂಡು ಮೇಲಿನ ಕೊಳೆ ಒರೆಸಲು ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಪೋರ್ಟಲ್ ಕವರಿನ ಮೇಲೆ ಎಳೆದೆ. ಹತ್ತಿ ಕಪ್ಪಾಯಿತು. ಗ್ರೀಸಿನ ಕಪ್ಪಲ್ಲ, ಶಾಯಿಯ ನೇರಳೆಗಪ್ಪು. ಸ್ಕ್ರೂವಿನ ತಲೆಯನ್ನು ನೋಡಿದರೆ ಕಿತ್ತಳೆ ಬಣ್ಣ. ತುಕ್ಕು! ಇನ್ನೊಂದನ್ನು ಒರೆಸಿದೆ, ತುಕ್ಕು. ಗಾಡಿಯ ಒಂದೊಂದು ಸ್ಕ್ರೂವಿನ ತಲೆಗೂ ಮಾರ್ಕರ್ ಪೆನ್ನಿನಲ್ಲಿ ಕಪ್ಪು ಬಳಿಯಲಾಗಿತ್ತು. ಷಾಸಿಯ ಕೆಳಗಿನವಕ್ಕೂ. ಯಾರೂ ಬಗ್ಗಿ ನೋಡದ, ಬಂಪರಿನ ಹಿಂಭಾಗದಲ್ಲಿರುವ ಸಣ್ಣವಕ್ಕೂ. ಎಷ್ಟು ಹೊತ್ತು ಕುಳಿತಿರಬೇಡ! ನನಗೆ ಮುಖ ಬಿಸಿಯಾದದ್ದು ಆಗ. ಗಾಡಿ ಕೆಟ್ಟಿದೆ ಎಂದಲ್ಲ. ಒಬ್ಬ ಮನುಷ್ಯ ತಾಳ್ಮೆಯಿಂದ ಕುಳಿತು ನನ್ನನ್ನು ಮೋಸ ಮಾಡುವುದಕ್ಕೆಂದೇ ಇಷ್ಟು ಸಣ್ಣ ಕೆಲಸವನ್ನು ಇಷ್ಟು ಚೊಕ್ಕವಾಗಿ ಮಾಡಿದ್ದಾನೆ ಎಂದು.

ಪೋರ್ಟಲ್ ಪೆಟ್ಟಿಗೆ ಎಂದರೆ ಗೊತ್ತಲ್ಲ, ಆಕ್ಸಲನ್ನು ಚಕ್ರದ ನಡುಮಟ್ಟಕ್ಕಿಂತ ಮೇಲೆತ್ತಿ ನೆಲದಿಂದ ಎತ್ತರ ಕೊಡುವ ಗೇರುಗಳು ಅದರೊಳಗೆ ಇರುತ್ತವೆ. ಹಿಂದಿನ ಬಲಗಡೆಯದನ್ನು ತೆರೆದೆ. ಮರುವಾಯಿ ಚಿಪ್ಪು ತೊಳೆದ ನೀರಿನಂಥ ಕಂದು ರಾಡಿ ಮೇಜಿನ ಮೇಲೆ ಹರಿಯಿತು. ಒಣಗಿದ ಮೇಲೆ ಉಳಿದದ್ದು ಮರಳು, ಅದರಲ್ಲಿ ಉಗುರಿಗಿಂತಲೂ ಚಿಕ್ಕ ಚಿಪ್ಪಿನ ಚೂರು. ಬೇರಿಂಗಿನ ರಬ್ಬರ್ ಸೀಲ್ ಕಿತ್ತರೆ ಗುಂಡುಗಳು ಕಾಣಿಸಲಿಲ್ಲ, ಬರೀ ಕೆಂಪು ಪುಡಿ. ಹಿಂದಿನ ಡಿಫ್ ಲಾಕಿನ ಕೇಬಲ್ ತನ್ನ ಕೊಳವೆಯೊಳಗೆ ಅಂಟಿಕೊಂಡು ಕುಳಿತಿದೆ. ಎರಡೂ ಒಂದೇ ಅಂತೆ! ಉಪ್ಪು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಒಮ್ಮೆ ಒಳಗೆ ಸೇರಿದರೆ ಗಾಡಿ ಕಪಾಟಿನಲ್ಲಿದ್ದರೂ ತುಕ್ಕು ಮುಂದುವರಿಯುತ್ತದೆ.

ಬ್ಯಾಟರಿಯ ಕಥೆ ಇನ್ನೂ ಕೆಟ್ಟದು. ಪೆಟ್ಟಿಗೆಯಲ್ಲಿದ್ದದ್ದು ಕಪ್ಪು ಕವಚದ ಬ್ಯಾಟರಿ. ಓಡಿಸಿ ತೋರಿಸಿದ್ದು ನೀಲಿಯದು, ನಾನು ಕಣ್ಣಾರೆ ನೋಡಿದ್ದೇನೆ. ಕಪ್ಪು ಬ್ಯಾಟರಿಯ ಹೊಟ್ಟೆ ಉಬ್ಬಿ ಮೇಜಿನ ಮೇಲೆ ಸಮವಾಗಿ ಕೂರುತ್ತಿರಲಿಲ್ಲ. ಸೆಲ್ಲಿನ ವೋಲ್ಟ್ ಅಳೆಯುವ ಸೆಲ್ ಚೆಕರ್ ಹಾಕಿದರೆ ಎರಡು ಸೆಲ್ 3.8 ವೋಲ್ಟ್, ಮೂರನೆಯದು 2.4. ಲಿಪೊ ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಅದರ ಕಥೆ ಮುಗಿಯಿತು ಎಂದು ಈ ಹವ್ಯಾಸದ ಮೊದಲ ವಾರದಲ್ಲೇ ಎಲ್ಲರಿಗೂ ಗೊತ್ತಾಗುತ್ತದೆ. ಉಬ್ಬಿದ ಲಿಪೊವನ್ನು ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತಬಹುದು. ನನ್ನ ಮಗಳು ಮಲಗುವ ಕೋಣೆಯ ಗೋಡೆಯಾಚೆಗೆ ನನ್ನ ಚಾರ್ಜರ್ ಇದೆ. ಹಣದ ಮೋಸವನ್ನು ಎಂದಾದರೂ ಮರೆತೇನು, ಇದನ್ನು ಮರೆಯುವುದಿಲ್ಲ.

ಈಗ ಆ ಮಹಾನುಭಾವನ ಉತ್ತರಗಳು. ವಾಟ್ಸಾಪಿನಲ್ಲಿ ಎಲ್ಲ ಹಾಗೆಯೇ ಇವೆ.

ರಾಡಿಯ ಫೋಟೋ ಕಳುಹಿಸಿದೆ. “ಅದು ಗ್ರೀಸ್ ಅಣ್ಣಾ, ಹಳೆಯದಾದರೆ ಹಾಗೆಯೇ.” ಗ್ರೀಸಿನಲ್ಲಿ ಚಿಪ್ಪು ಹೇಗೆ ಬಂತು ಎಂದು ಕೇಳಿದೆ. “ನಿಮ್ಮ ಮೇಜಿನ ಮೇಲೆ ಇದ್ದಿರಬಹುದು.” ನಾನೇನು ಮೇಜಿನ ಮೇಲೆ ಮೀನು ಮಾರುತ್ತೇನೆಯೇ? ತುಕ್ಕಿನ ಫೋಟೋ ಕಳುಹಿಸಿದೆ. “ಮಂಗಳೂರಿನ ಹವೆಗೆ ತುಕ್ಕು ಹಿಡಿಯದೆ ಇರುತ್ತದೆಯೇ?” ಹಿಂದಿನ ಸಂಜೆ ತಂದ ಗಾಡಿ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಯಿತಂತೆ. ಮಾರ್ಕರ್ ಶಾಯಿ ಹತ್ತಿದ ಹತ್ತಿಯ ಫೋಟೋ ಕಳುಹಿಸಿದಾಗ ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ ಬಂತು ನೋಡಿ: “ಅದು ಸ್ಕೇಲ್ ಲುಕ್‌ಗೆ ಮಾಡಿದ್ದು. ನೀವೇ ರಿಯಲಿಸ್ಟಿಕ್ ಗಾಡಿ ಬೇಕು ಎಂದಿರಲ್ಲ. ಎಷ್ಟೋ ಜನ ದುಡ್ಡು ಕೊಟ್ಟು ತುಕ್ಕಿನ ಬಣ್ಣ ಹಾಕಿಸುತ್ತಾರೆ, ನಿಮಗೆ ನಿಜವಾದದ್ದೇ ಸಿಕ್ಕಿದೆ.” ಇದರ ಕೊನೆಗೆ ಒಂದು ನಗುವ ಮುಖ ಬೇರೆ!

ಬಾಡಿಯ ಮೇಲೆ ತುಕ್ಕಿನ ಬಣ್ಣ ಬಳಿಯುವುದು ನಮಗೇನು ಹೊಸತೇ? ನನ್ನ ಪಿಕಪ್ಪಿನ ಡಾಲಾಕ್ಕೂ ಬಳಿಯಲಿದ್ದೇನೆ. ಅದು ಬಣ್ಣ. ಬೇರಿಂಗಿನ ಒಳಗಿನ ತುಕ್ಕನ್ನು ಯಾರು ನೋಡಿ ಆನಂದಿಸುತ್ತಾರೆ?

ಅಷ್ಟಕ್ಕೇ ಮುಗಿದಿದ್ದರೆ ಬಾಯಿ ಮುಚ್ಚಿಕೊಂಡು ಬೇರಿಂಗ್ ಸೆಟ್ ತರಿಸಿಕೊಳ್ಳುತ್ತಿದ್ದೆನೇನೋ. ಭಾನುವಾರ ಮೂಡುಬಿದಿರೆ ಕಡೆಯ ಹಳೆಯ ಕೆಂಪುಕಲ್ಲಿನ ಕೋರೆಗೆ ಹೋದೆ. ಅಲ್ಲಿ ನಾವು ಕೆಲವರು ಸೇರಿ ಗಾಡಿ ಓಡಿಸುವುದು ರೂಢಿ. ಒಬ್ಬ ಹುಡುಗ ನನ್ನ ಕೈಯಲ್ಲಿದ್ದದ್ದನ್ನು ನೋಡಿದವನೇ “ಸರ್, ಇದು ಕಾಪು ಬೀಚಿನಲ್ಲಿ ಮುಳುಗಿದ ಗಾಡಿ ಅಲ್ಲವಾ?” ಎಂದ. ಎಲ್ಲರೂ ತಿರುಗಿದರು. ಆತ ಮೊಬೈಲ್ ತೆಗೆದು ಉಳಿಸಿಟ್ಟುಕೊಂಡಿದ್ದ ವಿಡಿಯೋ ತೋರಿಸಿದ. ಹಿಂದೆ ಕಾಪುವಿನ ದೀಪಸ್ತಂಭ, ಮುಂದೆ ಅಲೆಗೆ ಎದುರಾಗಿ ನುಗ್ಗುತ್ತಿರುವ ಇದೇ ಗಾಡಿ. ಇದೇ ಬಣ್ಣ, ಮುರಿದ ಇದೇ ಎಡಗನ್ನಡಿ. ಅಲೆ ಬಂದು ಮುಚ್ಚುತ್ತದೆ, ಗಾಡಿ ಕಾಣುವುದಿಲ್ಲ, ಯಾರೋ ಕೇಕೆ ಹಾಕುತ್ತಾರೆ, ಆಸಾಮಿ ಪ್ಯಾಂಟು ಮಡಚಿಕೊಂಡು ಓಡುತ್ತಾನೆ. ಕೋರೆಯಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಅವರಲ್ಲಿ ಇಬ್ಬರು ಈ ವಿಡಿಯೋವನ್ನು ಮೊದಲೇ ನೋಡಿದ್ದರಂತೆ. ನಾನು ಗಾಡಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವರಿಗೆ ಫೋಟೋ ಕಳುಹಿಸಿದಾಗ “ಒಳ್ಳೆಯದಾಯಿತು” ಎಂದು ಬರೆದವರೂ ಅವರೇ. ಅದರ ಬಗ್ಗೆ ಬೇರೆಯಾಗಿ ಮಾತನಾಡಬೇಕು.

ವಿಡಿಯೋವನ್ನು ಆಸಾಮಿಗೆ ಕಳುಹಿಸಿದೆ. “ಅದು ನನ್ನ ಇನ್ನೊಂದು ಗಾಡಿ.” ಕನ್ನಡಿ ಅದೇ ಮುರಿದದ್ದಲ್ಲವೇ? “ಎಲ್ಲರ ಕನ್ನಡಿಯೂ ಮುರಿಯುತ್ತದೆ.” ನೀರು ಕಂಡಿಲ್ಲ ಎಂದು ಬರೆದ ಆತನದೇ ಸಂದೇಶವನ್ನು ತೋರಿಸಿದೆ. ಆಗ ವರಸೆ ಬದಲಾಯಿತು. “ಕಂಪನಿಯವರೇ ವಾಟರ್‌ಪ್ರೂಫ್ ಎನ್ನುತ್ತಾರೆ, ನಿಮಗೆ ಏನು ಕಷ್ಟ?” ವಾಟರ್‌ಪ್ರೂಫ್ ಎನ್ನುವುದು ಎಲೆಕ್ಟ್ರಾನಿಕ್ಸಿಗೆ, ಸ್ವಾಮೀ. ನೀರಿನಲ್ಲಿ ಓಡಿಸಿದ ಮೇಲೆ ಬೇರಿಂಗ್ ಒಣಗಿಸಿ ಎಣ್ಣೆ ಬಿಡಬೇಕು, ಸಮುದ್ರದ ನೀರು ಲೋಹವನ್ನು ತಿನ್ನುತ್ತದೆ, ಬೀಚಿನ ಹತ್ತಿರ ಎಚ್ಚರದಿಂದಿರಿ ಎಂದು ಅದೇ ಕಂಪನಿಯ ಕೈಪಿಡಿಯಲ್ಲಿದೆ. ಆ ಪುಟದ ಫೋಟೋ ಕಳುಹಿಸಿದೆ. ಅರ್ಧ ಹಣ ಹಿಂತಿರುಗಿಸಿ, ಇಲ್ಲವೇ ಆ ನೀಲಿ ಬ್ಯಾಟರಿಯನ್ನಾದರೂ ಕೊಡಿ ಎಂದು ಕೇಳಿದೆ. “ಓಡಿಸಿ ನೋಡಿ ತೆಗೆದುಕೊಂಡು ಹೋಗಿದ್ದೀರಿ. ಇನ್ನು ಮೆಸೇಜ್ ಮಾಡಿದರೆ ಪೊಲೀಸರಿಗೆ ಹೇಳುತ್ತೇನೆ.” ಅಲ್ಲಿಗೆ ಬ್ಲಾಕ್. ಅಣ್ಣಾ ಅಣ್ಣಾ ಎಂದ ಬಾಯಿ!

ಈಗ ನಾನು ಯಾರ ಗಾಡಿ ನೋಡಲು ಹೋದರೂ ಜೇಬಿನಲ್ಲಿ 7 ಮಿ.ಮೀ. ಸ್ಪ್ಯಾನರ್, ಸ್ಪಿರಿಟ್ ಹತ್ತಿ, ಸೆಲ್ ಚೆಕರ್ ಇರುತ್ತವೆ. ನೀವೂ ಇಟ್ಟುಕೊಳ್ಳಿ. ಒಂದು ಚಕ್ರ ಬಿಚ್ಚಿ ತಿರುಗಿಸಿ, ಕಿವಿ ಹತ್ತಿರ ಹಿಡಿಯಿರಿ. ಸ್ಕ್ರೂ ಒರೆಸಿ. ಎರಡೂ ಡಿಫ್ ಲಾಕ್ ಹಾಕಿಸಿ. ತೋರಿಸಿದ ಬ್ಯಾಟರಿಯೇ ಪೆಟ್ಟಿಗೆಗೆ ಹೋಗುತ್ತಿದೆಯೇ ನೋಡಿ, ಪೆಟ್ಟಿಗೆಗೆ ನೀವೇ ತುಂಬಿ. ಮಾರುವವನಿಗೆ ಬೇಸರವಾಗುತ್ತದೆ ಎಂದು ಸಂಕೋಚಪಡಬೇಡಿ, ಆಗಲಿ ಬೇಸರ. ಮತ್ತು ಯಾರಾದರೂ ನಿಮ್ಮ ಕೈಕೆಲಸವನ್ನು ಹೊಗಳಲು ಶುರುಮಾಡಿದರೆ ಬೆಲೆಯಲ್ಲಿ ಐದು ಸಾವಿರ ಇಳಿಸಿ ಮಾತನಾಡಿ.

ಈ ಆಸಾಮಿ ಬೂದು ಬಣ್ಣದ ಇನ್ನೊಂದು ಗಾಡಿಯನ್ನು ಮಾರಾಟಕ್ಕಿಟ್ಟಿದ್ದಾನೆ ಎಂದು ನಿನ್ನೆ ತಿಳಿಯಿತು. ಫೋಟೋದಲ್ಲಿ ಸ್ಕ್ರೂಗಳೆಲ್ಲ ಕಪ್ಪಗೆ ಮಿಂಚುತ್ತಿವೆ. ಆತನಿಂದ ಕೊಂಡವರು ಯಾರಾದರೂ ಇದ್ದರೆ ನನಗೆ ಬರೆಯಿರಿ, ಸೇರಿ ದೂರು ಕೊಡೋಣ. ಹಾಗೆಯೇ, ಮುಂದಿನ ಎಡಗಡೆಯ ಪೋರ್ಟಲ್ ಕವರಿನ ಎರಡು ಸ್ಕ್ರೂಗಳು ತುಕ್ಕಿಗೆ ಕಚ್ಚಿಕೊಂಡು ತಲೆ ಸವೆದುಹೋಗಿವೆ. ಮಂಗಳೂರಿನಲ್ಲಿ ಯಾರ ಬಳಿಯಾದರೂ ಸಣ್ಣ ಅಳತೆಯ ಸ್ಕ್ರೂ ಎಕ್ಸ್‌ಟ್ರಾಕ್ಟರ್ ಇದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.