ಜಿ41 ಬೋರ್ಡಿಗೆ 4 ಜಿಬಿ ಡಿಡಿಆರ್3 ರ‍್ಯಾಮ್: ಚಿಪ್ ನೋಡಿ, ಆಮೇಲೆ ದುಡ್ಡು ಕೊಡಿ

ಚಿಕ್ಕಮಗಳೂರಿನ ಎಸ್ಟೇಟ್ ಆಫೀಸು, ಡಿಟಿಪಿ ಸೆಂಟರು, ಗೊಬ್ಬರದ ಅಂಗಡಿಯ ಬಿಲ್ಲಿಂಗ್ ಮೇಜುಗಳಲ್ಲಿ ಇಂಟೆಲ್ ಜಿ41 ಚಿಪ್‌ಸೆಟ್‌ನ (ಮೆಮೊರಿ ಮುಂತಾದುವನ್ನು ನಿಯಂತ್ರಿಸುವ ಚಿಪ್‌ಗಳ) ಮದರ್‌ಬೋರ್ಡ್ ಇರುವ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಇವಕ್ಕೆ ಹಾಕಲೆಂದು ಮಾರುವ 4 ಜಿಬಿ ಡಿಡಿಆರ್3 ಸ್ಟಿಕ್‌ಗಳಲ್ಲಿ ಮೂರು ಬಗೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ, ಆದರೆ ಈ ಬೋರ್ಡಿನಲ್ಲಿ ಸರಿಯಾಗಿ ಓಡುವುದು ಒಂದೇ.

ಎರಡೂ ಬದಿಗೆ ಎಂಟೆಂಟು ಚಿಪ್ ಇದ್ದು, ಲೇಬಲ್ ಮೇಲೆ 2ಆರ್×8 (2Rx8, ಅಂದರೆ ಒಮ್ಮೆಗೆ 8 ಬಿಟ್ ಕೊಡುವ ಚಿಪ್‌ಗಳ ಎರಡು ಗುಂಪು) ಎಂದಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ವೇಗ 1333 ಅಥವಾ 1600 ಎಂದು ಬರೆದಿದ್ದರೂ ತೊಂದರೆಯಿಲ್ಲ, ಬೋರ್ಡು ಅದನ್ನು 1066ಕ್ಕೋ 800ಕ್ಕೋ ಇಳಿಸಿಕೊಂಡು ಓಡಿಸುತ್ತದೆ.

ಒಂದೇ ಬದಿಗೆ ಎಂಟು ಚಿಪ್ ಇರುವ 1ಆರ್×8 ಸ್ಟಿಕ್ ಬೇಡ. ಎಂಟೇ ಚಿಪ್‌ನಲ್ಲಿ 4 ಜಿಬಿ ಆಗಬೇಕಾದ್ದರಿಂದ ಅದರ ಒಂದೊಂದು ಚಿಪ್ಪೂ 4 ಗಿಗಾಬಿಟ್‌ನದು (8 ಗಿಗಾಬಿಟ್ ಎಂದರೆ 1 ಜಿಬಿ). ಜಿ41ರ ಮೆಮೊರಿ ಕಂಟ್ರೋಲರ್‌ಗೆ 2 ಗಿಗಾಬಿಟ್‌ಗಿಂತ ದೊಡ್ಡ ಚಿಪ್ ಓದಲು ಬರುವುದಿಲ್ಲ. ಒಂದೋ ಅರ್ಧ ಮೆಮೊರಿ ಮಾತ್ರ ಕಾಣುತ್ತದೆ, ಇಲ್ಲವೇ ಬೂಟೇ ಆಗುವುದಿಲ್ಲ. ಸ್ಟಿಕ್ ಕೆಟ್ಟಿರುವುದಿಲ್ಲ. ಅದೇ ಸ್ಟಿಕ್ ಇಂಟೆಲ್‌ನ ನಂತರದ ಎಚ್61 ಬೋರ್ಡಿನಲ್ಲಿ ಸಲೀಸಾಗಿ ಓಡುತ್ತದೆ.

ಹೆಚ್ಚು ಜನ ಮೋಸ ಹೋಗುವುದು ‘ಎಎಮ್‌ಡಿ ರ‍್ಯಾಮ್’ ಎಂದು ಅಗ್ಗಕ್ಕೆ ಸಿಗುವ ಮೂರನೆಯದರಲ್ಲಿ. ಇದರಲ್ಲೂ ಹದಿನಾರು ಚಿಪ್ಪೇ ಇರುತ್ತವೆ, ಆದರೆ ಅವು ×4 ಬಗೆಯವು, ಅಂದರೆ ಒಂದೊಂದು ಚಿಪ್ಪೂ ಒಮ್ಮೆಗೆ ಎಂಟರ ಬದಲು ನಾಲ್ಕೇ ಬಿಟ್ ಕೊಡುತ್ತದೆ. ಇಂಟೆಲ್ ಡೆಸ್ಕ್‌ಟಾಪ್ ಬೋರ್ಡುಗಳು ಇಂಥದನ್ನು ಒಪ್ಪುವುದಿಲ್ಲ. ಹಾಗಾಗಿ ಚಿಪ್ ಎಣಿಸಿದರೆ ಸಾಲದು, ಲೇಬಲ್ಲನ್ನೂ ಓದಬೇಕು. ಲೇಬಲ್ ಕಿತ್ತುಹೋಗಿದ್ದರೆ ಸಿಪಿಯು ಡಬ್ಬಿಯನ್ನೇ ಅಂಗಡಿಗೆ ಒಯ್ದು, ಎದುರಿಗೇ ಹಾಕಿಸಿ ನೋಡಿ.

ಅಂಗಡಿಗೆ ಹೊರಡುವ ಮುನ್ನ ಸಿಪಿಯು-ಝಡ್ (CPU-Z) ಎಂಬ ತಂತ್ರಾಂಶದ ಮೆಮೊರಿ ಪುಟದಲ್ಲಿ ನಿಮ್ಮದು ಡಿಡಿಆರ್2 ಬೋರ್ಡೋ ಡಿಡಿಆರ್3 ಬೋರ್ಡೋ ಖಚಿತಪಡಿಸಿಕೊಳ್ಳಿ. ಜಿ41 ಎರಡರಲ್ಲೂ ಬಂದಿದೆ. ಎರಡಕ್ಕೂ 240 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಕೂರದಿದ್ದರೆ ಒತ್ತಬೇಡಿ, ಸ್ಲಾಟ್ ಒಡೆಯುತ್ತದೆ.

ಹಾಕುವಾಗ ಪವರ್ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಹಳೆಯ ಸ್ಟಿಕ್‌ನ ಪಿನ್‌ಗಳು ಮಂಕಾಗಿರುತ್ತವೆ. ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಸ್ಲಾಟಿನ ದೂಳನ್ನು ಒಣ ಬ್ರಶ್‌ನಿಂದ ತೆಗೆಯಿರಿ. ಸ್ಟಿಕ್‌ನ ಎರಡೂ ತುದಿ ಸಮನಾಗಿ ಒತ್ತಿದಾಗ ಕ್ಲಿಪ್ ‘ಟಕ್’ ಎಂದು ಕೂರಬೇಕು. ಮೊದಲು ಒಂದೇ ಸ್ಟಿಕ್ ಹಾಕಿ ಆನ್ ಮಾಡಿ, ಆಮೇಲೆ ಇನ್ನೊಂದು. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿ, ಒಂದು ಎರರ್ ಬಂದರೂ ಸ್ಟಿಕ್ ವಾಪಸ್ ಕೊಡಿ.

8 ಜಿಬಿ ಹಾಕಿಯೂ ವಿಂಡೋಸ್ 3.25 ಜಿಬಿಯ ಆಸುಪಾಸು ತೋರಿಸಿದರೆ ಅಂಗಡಿಯವರನ್ನು ದೂರಬೇಡಿ. 32 ಬಿಟ್ ವಿಂಡೋಸ್ 7ರ ಮಿತಿಯೇ 4 ಜಿಬಿ, ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದ ಹಾರ್ಡ್‌ವೇರ್‌ಗೆ ಹೋಗುತ್ತದೆ. 64 ಬಿಟ್ ಹಾಕಿಸಬೇಕು. ಅದಕ್ಕೆ ಮೊದಲು ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ನೋಡಿ, ಹಳೆಯ ಬಿಲ್ಲಿಂಗ್ ಯಂತ್ರಗಳಲ್ಲಿ ಕೆಲಸ ನಿಲ್ಲುವುದು ಅಲ್ಲೇ.

ಈ ಬೋರ್ಡಿಗೆ 2ಆರ್×8 ಸ್ಟಿಕ್‌ಗೆ ಐದಕ್ಕೆ ನಾಲ್ಕೂವರೆ ಅಂಕ, ಉಳಿದೆರಡಕ್ಕೆ ಸೊನ್ನೆ. ಬರೀ ಟ್ಯಾಲಿ, ನುಡಿ ಬಳಸುವವರಿಗೆ ಒಂದು ಸ್ಟಿಕ್ ಸಾಕು. ಎರಡನೆಯದರ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕಿ.